ದುಂಬಿ ಬರದೆ ಕಾಯಿ ಕಚ್ಚಿದ್ದು ಹೇಗೆ?

ಪ್ರಶ್ನೆ: ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಒಂದೇ ಒಂದು ಟೊಮೆಟೊ ಗಿಡ ಇಟ್ಟಿದ್ದೇನೆ. ಸುತ್ತ ಸೊಳ್ಳೆಪರದೆ ಇದೆ, ಜೇನು, ದುಂಬಿ ಒಳಗೆ ಬರುವುದೇ ಇಲ್ಲ. ಆದರೂ ಗೊಂಚಲು ಗೊಂಚಲು ಕಾಯಿ! ಪಕ್ಕದ ಕುಂಬಳ ಬಳ್ಳಿಯಲ್ಲಿ ಮಾತ್ರ ಹೀಚೆಲ್ಲ ಹಳದಿಯಾಗಿ ಉದುರುತ್ತಿದೆ. ಯಾಕೆ ಹೀಗೆ?

ಉತ್ತರ: ನಾನೂ ಒಂದು ಕಾಲದಲ್ಲಿ ಬಣ್ಣದ ಬ್ರಷ್ ಹಿಡಿದು ಟೊಮೆಟೊ ಹೂವುಗಳಿಗೆ ಪರಾಗ ಹಚ್ಚುತ್ತಾ ಕೂತವನೇ. ಬ್ರಷ್‌ಗೆ ಒಂದು ಚೂರೂ ಅಂಟುತ್ತಿರಲಿಲ್ಲ. ಸಿಟ್ಟು ಬಂದು ಒಂದು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಲೆನ್ಸ್ ಹಿಡಿದು ನೋಡಿದೆ. ಸುಮ್ನೆ ಕಷ್ಟಪಟ್ಟಿದ್ದೆ ಅಂತ ಆಗ ಗೊತ್ತಾಯಿತು.

ಹೂವಿನ ನಡುವೆ ಹಳದಿ ಕೊಕ್ಕಿನ ಹಾಗೆ ಒಂದು ಭಾಗ ಇದೆಯಲ್ಲ, ಅದು ಐದಾರು ಪರಾಗಕೋಶಗಳು ಒತ್ತೊತ್ತಾಗಿ ಕೂಡಿ ಆದ ಕೊಳವೆ. ಅದರೊಳಗೆ ಹಸಿರು ಕಡ್ಡಿಯಂಥ ಶಲಾಕೆ. ಪರಾಗ ಹಿಡಿಯುವ ಜಾಗ ಅದರ ತುದಿ. ಕೋಶಗಳು ಬಿರಿಯುವುದು ಒಳಮುಖವಾಗಿ, ಮತ್ತೆ ನನ್ನ ಬ್ರಷ್‌ಗೆ ಏನು ಸಿಗಬೇಕು? ಹೂವು ತಲೆಕೆಳಗಾಗಿ ನೇತಾಡುತ್ತದೆ. ಗಾಳಿಗೆ ಅಲುಗಿದರೆ ಸಾಕು, ಪುಡಿ ಒಳಗೊಳಗೇ ಜಾರಿ ತುದಿಗೆ ಅಂಟುತ್ತದೆ. ಅಲ್ಲಿ ಪರಾಗದ ಕಣ ಸಣ್ಣ ನಾಳವೊಂದನ್ನು ಬೆಳೆಸುತ್ತದೆ. ಆ ನಾಳ ಶಲಾಕೆಯೊಳಗೇ ಸಾಗಿ, ಹೂವಿನ ಬುಡದಲ್ಲಿರುವ ಅಂಡಕ, ಅಂದರೆ ಮುಂದೆ ಬೀಜವಾಗುವ ಕಣ, ಸೇರಿದರೆ ಒಂದು ಬೀಜ. ಸ್ವಕೀಯ ಪರಾಗಸ್ಪರ್ಶ ಅಂದರೆ ಇದೇ. ಗಾಳಿಯೇ ಆಡದ ದಿನ ಗೊಂಚಲಿನ ತೊಟ್ಟನ್ನು ಬೆರಳಿಂದ ಮೆಲ್ಲಗೆ ತಟ್ಟಿ.

ಬಟಾಣಿ ಇನ್ನೂ ಗುಟ್ಟಿನ ಗಿರಾಕಿ. ಹೂವು ಅರಳುವ ಮೊದಲೇ, ಮೊಗ್ಗಿನಲ್ಲೇ ಕೆಲಸ ಮುಗಿಸಿರುತ್ತದೆ. ಹಾಗಾಗಿ ಎರಡು ತಳಿ ಕೂಡಿಸಬೇಕಾದಾಗ, ಬಟಾಣಿ ಗಿಡಗಳಿಂದಲೇ ಆನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲ್ ಎಳೆ ಮೊಗ್ಗು ಬಿಡಿಸಿ, ಪರಾಗ ಕೊಡುವ ಕೇಸರಗಳನ್ನು ಚಿಮುಟದಿಂದ ಕಿತ್ತು ಹಾಕುತ್ತಿದ್ದರು. 1866ರಲ್ಲಿ ಅಚ್ಚಾದ ಅವರ ಪ್ರಬಂಧದ ಹಿಂದೆ ಎಂಟು ವರ್ಷ ಇಂಥ ಕೆಲಸ ಇದೆ. ನನಗಂತೂ ಒಂದು ಮೊಗ್ಗು ಬಿಡಿಸುವಷ್ಟರಲ್ಲಿ ಕಣ್ಣು ನೋವು ಬಂತು.

ಇನ್ನು ಕುಂಬಳ. ಅದರಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪರಾಗ ಜಿಗುಟು, ಗಾಳಿಗೆ ಹಾರುವುದಿಲ್ಲ. ಜೇನು ಬರದಿದ್ದರೆ ನೀವೇ ಜೇನಾಗಬೇಕು. ಬೆಳಗ್ಗೆ ಬೇಗ ಎದ್ದು ಹೂವು ನೋಡಿ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂವು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವಿಗೆ ಸವರಿ. ಅದೇ ಬಳ್ಳಿಯ ಹೂವಾದರೂ ನಡೆಯುತ್ತದೆ. ಮಧ್ಯಾಹ್ನ ಮಾಡೋಣ ಅಂತ ಬಿಡಬೇಡಿ, ಅಷ್ಟು ಹೊತ್ತಿಗೆ ಹೂವು ಮುದುಡಿರುತ್ತದೆ.