ಬರ್ಮಾದವರು ಹೇಳುವ ‘ಮಿಂಗಲಾಬಾ’ ಅಂದರೆ ಏನು? ಆ ಪದ ಎಲ್ಲಿಂದ ಬಂತು?

ಈಗ ಅದು ‘ನಮಸ್ಕಾರ’ದ ಜಾಗದಲ್ಲಿ ಬಳಕೆಯಾಗುವ ಮಾತು. ಆದರೆ ಒಳಗಿರುವುದು ನಮಗೆ ಚೆನ್ನಾಗಿ ಗೊತ್ತಿರುವ ‘ಮಂಗಳ’ವೇ. ಬೌದ್ಧ ಧರ್ಮದ ಜೊತೆ ಪಾಳಿ ಭಾಷೆಯಿಂದ ಬರ್ಮೀಸ್‌ಗೆ ಹೋದ ಪದ ಅದು. ಕೊನೆಯ ‘ಬಾ’ ಮರ್ಯಾದೆಗೆ ಸೇರಿಸುವ ಪ್ರತ್ಯಯ. ಬರೆಯುವುದು ಈಗಲೂ ‘ಮಂಗಲಾಪಾ’ ಅಂತಲೇ, ಓದುವುದು ಮಾತ್ರ ಮಿಂಗಲಾಬಾ. ಬರ್ಮೀಸ್‌ನಲ್ಲಿ ಉಚ್ಚಾರ ಎಷ್ಟೋ ಬದಲಾಯಿತು, ಕಾಗುಣಿತ ಹಳೆಯದೇ ಉಳಿಯಿತು.

‘ಮಿಂಗಲಾ’ ಪದ ಬಹಳ ಹಳೆಯದು. ಬುದ್ಧ ಹೇಳಿದ 38 ಮಂಗಳಗಳ ‘ಸುತ್ತ’ವನ್ನು, ಅಂದರೆ ಉಪದೇಶವನ್ನು, ಅಲ್ಲಿನ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮದುವೆಗೆ ‘ಮಿಂಗಲಾ ಸೌಂಗ್’ ಅನ್ನುತ್ತಾರೆ. ಯಾಂಗೂನಿನ ವಿಮಾನ ನಿಲ್ದಾಣ ಇರುವ ಜಾಗದ ಹೆಸರೂ ಮಿಂಗಲಾಡೋನ್.

ಆದರೆ ‘ಮಿಂಗಲಾಬಾ’ ಅಂತ ವಂದಿಸುವ ರೂಢಿ ಅಷ್ಟೇನೂ ಹಳೆಯದಲ್ಲ. ಬ್ರಿಟಿಷರ ಕಾಲದಲ್ಲಿ ‘ಗುಡ್ ಮಾರ್ನಿಂಗ್’ ತರಹದ ಮಾತೊಂದು ಬೇಕಾದಾಗ ಬಳಕೆಗೆ ಬಂದದ್ದು ಅನ್ನುತ್ತಾರೆ. ಇವತ್ತಿಗೂ ಅದಕ್ಕೆ ಶಾಲೆಯ ವಾಸನೆ ಇದೆ: ಮೇಷ್ಟ್ರು ಒಳಗೆ ಬಂದರೆ ಮಕ್ಕಳೆಲ್ಲ ಎದ್ದು ನಿಂತು ‘ಮಿಂಗಲಾಬಾ ಸಯಾ’ ಅಂತ ರಾಗ ಎಳೆಯುತ್ತಾರೆ. ಟೀಚರಮ್ಮನಾದರೆ ‘ಸಯಾಮಾ’.

ಮನೆಯವರು, ಗೆಳೆಯರ ನಡುವೆ ಇದು ಸ್ವಲ್ಪ ಜಾಸ್ತಿ ಔಪಚಾರಿಕ. ಅಲ್ಲಿ ‘ಸಾ ಪೀಬಿ ಲಾ?’ ಅಂತ ಕೇಳುವುದೇ ಹೆಚ್ಚು. ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ. ಪ್ರವಾಸಕ್ಕೆ ಹೋದವರು ಮಾತ್ರ ಧೈರ್ಯವಾಗಿ ಮಿಂಗಲಾಬಾ ಅನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.