ವೀಣೆ ಬಾರಿಸುವ ಮಗಳಿಗೆ ಸಿತಾರ್ ಕಲಿಸಬಹುದಾ? ನನ್ನ ಉತ್ತರ

ಮೇಡಂ, ನಿಮ್ಮ ಪೋಸ್ಟ್ ನೋಡಿದೆ. ಮಗಳಿಗೆ ಹದಿನಾಲ್ಕು, ವೀಣೆಯಲ್ಲಿ ಜೂನಿಯರ್ ಪರೀಕ್ಷೆ ಮುಗಿದಿದೆ, ಎಂಟನೇ ಕ್ರಾಸ್ ಗಣಪತಿ ಹಬ್ಬದ ಸಂಗೀತ ಕಛೇರಿಯಲ್ಲಿ ಸಿತಾರ್ ಕೇಳಿದ ಮೇಲೆ ಅದೇ ಬೇಕು ಅಂತ ಹಟ. ತಡವಾಯ್ತಾ, ಆನ್‌ಲೈನಲ್ಲಿ ತರಿಸಬಹುದಾ, ಇದರಲ್ಲೇ ಮುಂದೆ ಬರೋಕಾಗುತ್ತಾ ಅಂತ ಕೇಳಿದ್ದೀರಿ.

ತಡವೇನೂ ಆಗಿಲ್ಲ. ಆದರೆ "ರವಿಶಂಕರ್ ಕೂಡ 18ಕ್ಕೇ ಶುರು ಮಾಡಿದ್ದು" ಅಂತ ಮೇಲೆ ಕಾಮೆಂಟಿನಲ್ಲಿ ಒಬ್ಬರು ಸಿತಾರ್ ಮಾಂತ್ರಿಕರ ಬಗ್ಗೆ ಬರೆದಿದ್ದಾರಲ್ಲ, ಅದು ಅರ್ಧ ಸತ್ಯ. ಅವರು 1938ರಲ್ಲಿ ಮಧ್ಯಪ್ರದೇಶದ ಮೈಹರ್‌ಗೆ ಹೋಗಿ ಗುರು ಅಲ್ಲಾವುದ್ದೀನ್ ಖಾನರ ಹತ್ತಿರ ಕಲಿಯೋಕೆ ಕೂತಿದ್ದು ನಿಜ. ಅದಕ್ಕೂ ಮೊದಲು ಅಣ್ಣ ಉದಯಶಂಕರ್ ನೃತ್ಯ ತಂಡದಲ್ಲಿ ವರ್ಷಗಟ್ಟಲೆ ಯುರೋಪ್ ಸುತ್ತಿದ್ದರು. ಕಿವಿ ಆಗಲೇ ತಯಾರಾಗಿತ್ತು. ನಿಮ್ಮ ಮಗಳದ್ದೂ ತಯಾರಾಗಿದೆ, ಅಷ್ಟೇ ಸಮಾಧಾನ.

ನನ್ನ ಕೇಳಿದರೆ ಅವಳಿಗೆ ಸಿತಾರ್ ವಾದಕ ನಿಖಿಲ್ ಬ್ಯಾನರ್ಜಿ ಬಗ್ಗೆ ಹೇಳಿ. 1931ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದವರು. ಅಪ್ಪ ಹವ್ಯಾಸಕ್ಕೆ ಸಿತಾರ್ ಬಾರಿಸುತ್ತಿದ್ದರು. ಒಂಬತ್ತನೇ ವಯಸ್ಸಿಗೇ ಸ್ಪರ್ಧೆ ಗೆದ್ದು, ಚಿಕ್ಕ ಹುಡುಗನಾಗಿದ್ದಾಗಲೇ ರೇಡಿಯೋದಲ್ಲಿ ಬಾರಿಸಿದರು. ಇವತ್ತಾದರೆ ಅಪ್ಪ ಅಮ್ಮ ಯೂಟ್ಯೂಬ್ ಚಾನೆಲ್ ಮಾಡಿಬಿಡುತ್ತಿದ್ದರು, ಅಲ್ವಾ? ಆ ಹುಡುಗ ಮಾತ್ರ 1947ರಲ್ಲಿ ಮೈಹರ್‌ಗೆ ಹೋಗಿ ಅದೇ ಅಲ್ಲಾವುದ್ದೀನ್ ಖಾನರ ಹತ್ತಿರ ಮತ್ತೆ ಶಿಷ್ಯನಾಗಿ ಕೂತ. ಬೆಳಗಿನ ಜಾವ ನಾಲ್ಕಕ್ಕೆ ಶುರುವಾದ ರಿಯಾಜ್ (ಅಭ್ಯಾಸ) ನಡುವೆ ಸ್ವಲ್ಪ ಬಿಡುವು ಬಿಟ್ಟರೆ ರಾತ್ರಿ ಹನ್ನೊಂದರ ತನಕ ನಡೆಯುತ್ತಿತ್ತಂತೆ. (ಇದನ್ನು ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಪ್ರಯೋಗ ಮಾಡಬೇಡಿ!) ಅಲ್ಲಿಂದ ಬಂದು ಹೆಸರಾದ ಮೇಲೂ ಗುರುಗಳ ಮಗ ಅಲಿ ಅಕ್ಬರ್ ಖಾನ್ ಹತ್ತಿರ, ಮಗಳು ಅನ್ನಪೂರ್ಣಾ ದೇವಿ ಹತ್ತಿರ ಪಾಠ ಮುಂದುವರೆಸಿದರು. ಒಬ್ಬರೇ ಗುರುಗಳ ಮನೆಯಲ್ಲಿ ಕಲಿತರೂ ನಿಖಿಲ್ ಕೈ ರವಿಶಂಕರ್ ಕೈಯಂತಿಲ್ಲ. ಎರಡನ್ನೂ ಅಕ್ಕಪಕ್ಕ ಹಾಕಿ ಕೇಳಿಸಿ, ಅವಳಿಗೇ ಗೊತ್ತಾಗುತ್ತೆ. 1986ರ ಜನವರಿಯಲ್ಲಿ, 54 ವರ್ಷಕ್ಕೇ ತೀರಿಕೊಂಡರು. ಪದ್ಮಭೂಷಣ ಬಂದಿದ್ದು ಆಮೇಲೆ, 1987ರಲ್ಲಿ. ನಾವೀಗ ಕೇಳೋದರಲ್ಲಿ ಜಾಸ್ತಿ ಪಾಲು ಕಛೇರಿಯ ರೆಕಾರ್ಡಿಂಗುಗಳೇ. ಮೊದಲು ಅವರ ಮಾಲಕೌಂಸ್ ರಾಗ ಹಾಕಿ. ಅದು ನಮ್ಮ ಕರ್ನಾಟಕ ಸಂಗೀತದ ಹಿಂದೋಳವೇ, ಗೊತ್ತಿರೋಳಿಗೆ ಪಟ್ಟನೆ ದಾರಿ ಸಿಗುತ್ತೆ.

ಈಗ ಕೈ ವಿಷಯ. ವೀಣೆಯ 24 ಮೆಟ್ಟುಗಳು ಮೇಣದಲ್ಲಿ ಕೂತಿರುತ್ತವೆ. ಸಿತಾರಿನವು ಬಾಗಿದ ಮೆಟ್ಟುಗಳು, ದಾರದಲ್ಲಿ ಕಟ್ಟಿರುತ್ತಾರೆ. ರಾಗಕ್ಕೆ ತಕ್ಕಂತೆ ಕೆಲವನ್ನು ಸರಿಸಿಕೊಳ್ಳಬೇಕು. ತಂತಿ ಎಳೆದು ಗಮಕ ಹಿಡಿಯೋ ಅಭ್ಯಾಸ ಎಡಗೈಗೆ ಇದ್ದೇ ಇದೆ. ಆದರೂ ಒಂದೇ ಮೆಟ್ಟಿನಲ್ಲಿ ನಾಲ್ಕೈದು ಸ್ವರದವರೆಗೆ ಮೀಂಡ್ (ತಂತಿ ಎಳೆದು ಸ್ವರ ಜಾರಿಸೋದು) ಎಳೆಯುವಾಗ ಶುರುವಿನಲ್ಲಿ ಬೆರಳು ಕೊಯ್ದ ಹಾಗಾಗುತ್ತೆ. ಜಾಸ್ತಿ ಕಷ್ಟ ಬಲಗೈದು. ಹೆಬ್ಬೆರಳು ದಾಂಡಿಯ (ಸಿತಾರಿನ ಉದ್ದನೆ ಕತ್ತಿನ) ಅಂಚಿಗೆ ಊರಿರಬೇಕು, ತೋರುಬೆರಳಿಗೊಂದೇ ಮಿಜ್ರಾಬ್ (ಮೀಟುವ ತಂತಿ ಉಗುರು). ಒಳಗೆಳೆದರೆ 'ದಾ', ಹೊರಗೆ ಹೊಡೆದರೆ 'ರಾ'. ವೀಣೆಯಲ್ಲಿ ತಾಳದ ತಂತಿಗೆ ಕಿರುಬೆರಳಿದೆ, ಇಲ್ಲಿ ಚಿಕಾರಿಯನ್ನೂ (ಲಯಕ್ಕೆ ಮೀಟುವ ಪಕ್ಕದ ತಂತಿಗಳನ್ನೂ) ಅದೇ ತೋರುಬೆರಳು ಮುಟ್ಟಬೇಕು. ಮೊದಮೊದಲು ಕೈ ತಬ್ಬಿಬ್ಬಾಗುತ್ತೆ, ಬೈಯಬೇಡಿ.

ಆನ್‌ಲೈನಲ್ಲಿ ದಯವಿಟ್ಟು ಬೇಡ. ಸಿತಾರಿನ ಸೋರೆ ಬುರುಡೆ ಸೀಳಿ ಬಂದರೆ ಯಾರನ್ನು ಕೇಳ್ತೀರಿ? ಮೊದಲು ಗುರುಗಳು ಗೊತ್ತಾಗಲಿ, ಆಮೇಲೆ ವಾದ್ಯ. ಯಾಕಂದ್ರೆ ಸಿತಾರಿನಲ್ಲೇ ಎರಡು ದಾರಿ ಇದೆ. ರವಿಶಂಕರ್, ನಿಖಿಲ್ ಕಡೆಯದಕ್ಕೆ ಕೆಳಗಿನ ಖರಜದ (ಮಂದ್ರ ಸ್ವರದ) ದಪ್ಪ ತಂತಿಗಳು ಇರುತ್ತವೆ. ಇನ್ನೊಬ್ಬ ದೊಡ್ಡ ಸಿತಾರ್ ವಾದಕ ವಿಲಾಯತ್ ಖಾನ್ ಕಡೆಯದರಲ್ಲಿ ಅವಿಲ್ಲ, ಶ್ರುತಿ ಮಾಡೋದೂ ಬೇರೆ. ಒಂದು ಕೊಂಡು ಇನ್ನೊಂದು ಕಲಿಯೋಕೆ ಹೋದರೆ ದುಡ್ಡು ದಂಡ. ಮಹಾರಾಷ್ಟ್ರದ ಮಿರಜ್‌ನಲ್ಲಿ ಸಿತಾರ್ ಮಾಡುವ ಮನೆಗಳೇ ಇವೆ, ಮೈಸೂರಿಂದ ಶರಾವತಿ ಎಕ್ಸ್‌ಪ್ರೆಸ್ ಆ ಕಡೆಗೇ ಹೋಗುತ್ತೆ. ಗುರುಗಳನ್ನೋ ಬಾರಿಸುವವರನ್ನೋ ಕರ್ಕೊಂಡು ಹೋಗಿ. ಪ್ರತಿ ಮೆಟ್ಟಿನಲ್ಲೂ ಬಾರಿಸಿ, ಎಳೆದು ನೋಡಿ. ತಂತಿ ಮುಂದಿನ ಮೆಟ್ಟಿಗೆ ತಾಗಿ ಗರ್ ಅಂದರೆ ಬಿಡಿ. ದಾಂಡಿ ಬಾಗಿದೆಯಾ ಅಂತ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಕುದುರೆಯ ಜವಾರಿ (ತಂತಿ ಕೂರುವ ಮೇಲ್ಮೈ) ಮಾತ್ರ ಸವೆಯುತ್ತಲೇ ಇರುತ್ತೆ, ಅದನ್ನು ಆಗಾಗ ತಿದ್ದಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಮೈಸೂರಿಗೆ ಸಿತಾರ್ ಹೊಸದೇನಲ್ಲ. ಬರ್ಕತುಲ್ಲಾ ಖಾನ್ ಅಂತ ದೊಡ್ಡ ಸಿತಾರಿಗಳು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದರು. ಧಾರವಾಡದಲ್ಲಂತೂ ರಹಿಮತ್ ಖಾನರ ಮನೆತನವೇ ಇದೆ. ಇಲ್ಲಿ ಗುರುಗಳು ಸಿಗದಿದ್ದರೆ ಅಲ್ಲಿ ಕಲಿತವರನ್ನು ವಿಚಾರಿಸಿ.

ಮುಂದೆ ಬರೋದರ ಬಗ್ಗೆ ಈಗಲೇ ಲೆಕ್ಕ ಹಾಕಬೇಡಿ. ಓದು ನಡೀಲಿ. ಐದಾರು ವರ್ಷ ಬಿಟ್ಟು ಆಕಾಶವಾಣಿ ಆಡಿಷನ್‌ಗೆ ಕೂರಲಿ, ಅದೊಂದು ಒಳ್ಳೆ ಅಳತೆ. ಪಾಠ ಹೇಳಿಕೊಂಡು ಬದುಕೋರು ಬಹಳ ಜನ, ಬರೀ ಕಛೇರಿಯಲ್ಲೇ ಬದುಕೋರು ಕಡಿಮೆ. ಆಮೇಲೆ, ಸಿತಾರ್ ದುಡ್ಡಿಗೆ ಅಂತ ವೀಣೆ ಮಾರಬೇಡಿ, ಸೀನಿಯರ್ ಪರೀಕ್ಷೆಗೂ ಕಟ್ಟಿಸಿ. ಮೊದಲ ವರ್ಷ ಎರಡೂ ಸಾಗಲಿ.