ಹಾಯಿದೋಣಿ ಪ್ರವಾಸದಲ್ಲಿ ಇಡೀ ದಿನ ಕೊಲ್ಲಿಯಲ್ಲಿ ಲಂಗರು ಹಾಕಿ ಕೂತರೆ ಬೇಜಾರಾಗುವುದಿಲ್ಲವೇ? ಹೊತ್ತು ಕಳೆಯಲು ಏನೇನು ಒಯ್ಯಬೇಕು?

ನಾನೂ ಮೊದಲ ಸಲ ಇದೇ ಯೋಚನೆಯಲ್ಲಿದ್ದೆ. ಮೂರು ಪುಸ್ತಕ, ಗಾಳ, ಇಸ್ಪೀಟು ಎಲ್ಲ ತುಂಬಿಕೊಂಡಿದ್ದೆ. ಮೊದಲ ಪುಸ್ತಕ ಹನ್ನೆರಡು ಪುಟ ದಾಟುವಷ್ಟರಲ್ಲಿ ದೋಣಿ ಬಂಡೆಗಳ ಕಡೆ ಹೊರಟಿತ್ತು.

ಐದು ದಿನ ಗಾಳಿಯ ಜೊತೆ ಗುದ್ದಾಡಿ ನಾನೂ ಗೆಳೆಯನೂ ಸುಸ್ತಾಗಿದ್ದೆವು. ಕೊನೆಗೆ ಒಂದು ಕೊಲ್ಲಿ ಸಿಕ್ಕಿತು. ಮೂರು ಕಡೆ ಗುಡ್ಡ, ಅಲೆಯೇ ಇಲ್ಲ, ತಳದ ಮರಳು ಕಾಣುವಷ್ಟು ತಿಳಿನೀರು. ಆಳ ಅಳೆಯುವ ಯಂತ್ರ 3 ಮೀಟರ್ ತೋರಿಸಿತು. ಆಳದ ಐದು ಪಟ್ಟು ಸರಪಳಿ ಬಿಡಬೇಕು ಅನ್ನುವುದು ಗೊತ್ತಿತ್ತು. 15 ಮೀಟರ್ ಬಿಟ್ಟೆ. ಇಂಜಿನ್ ಆರಿಸಿ ಕಾಲು ಚಾಚಿದೆ.

ಲೆಕ್ಕ ಸರಿ ಅನ್ನಿಸುತ್ತೆ ಅಲ್ವಾ? ಪೂರ್ತಿ ತಪ್ಪು. ನನ್ನ ಯಂತ್ರ ತೋರಿಸುವುದು ಕೀಲ್‌ನ, ಅಂದರೆ ದೋಣಿಯ ಅಡಿಯಲ್ಲಿ ರೆಕ್ಕೆಯಂತೆ ಇಳಿದಿರುವ ಭಾಗದ, ಕೆಳಗಿನ ಆಳ ಮಾತ್ರ. ಕೀಲ್ ನೀರಿನೊಳಗೆ 1.8 ಮೀಟರ್ ಇಳಿದಿರುತ್ತದೆ. ಸರಪಳಿ ಹೊರಬೀಳುವ ದೋಣಿಯ ಮೂತಿ ನೀರಿಗಿಂತ 1.2 ಮೀಟರ್ ಮೇಲಿದೆ. ಅಲ್ಲಿಗೇ 6 ಆಯಿತು. ನಾವು ಹೋದಾಗ ಪೂರ್ತಿ ಇಳಿತ. ಆರು ಗಂಟೆಯಲ್ಲಿ ಉಬ್ಬರ ಬಂದು ಇನ್ನೂ 3 ಮೀಟರ್ ಏರಿತು. ಒಟ್ಟು 9. ಅದಕ್ಕೆ ಬೇಕಿದ್ದದ್ದು 45 ಮೀಟರ್, ನಾನು ಬಿಟ್ಟಿದ್ದು 15. ಐದು ಪಟ್ಟಿರಲಿ, ಎರಡು ಪಟ್ಟೂ ಇಲ್ಲ! ಉಳಿದ 35 ಮೀಟರ್ ಸರಪಳಿ ಗೂಡಿನಲ್ಲಿ ಬೆಚ್ಚಗೆ ಮಲಗಿತ್ತು.

ಲಂಗರು ನಿಲ್ಲುವುದು ಬರೀ ತನ್ನ ಭಾರದಿಂದಲ್ಲ. ಸರಪಳಿ ತಳದಲ್ಲಿ ಮಲಗಿ ಅಡ್ಡಲಾಗಿ ಎಳೆದರೆ ಅದರ ಮೊನೆ ಮರಳಿನೊಳಗೆ ಇಳಿಯುತ್ತದೆ. ಮೇಲಕ್ಕೆ ಜಗ್ಗಿದರೆ ಕಿತ್ತು ಬರುತ್ತದೆ. ಮಧ್ಯಾಹ್ನ ಕಡಲ ಗಾಳಿ ಕೊಲ್ಲಿಯ ಬಾಯಿಂದ ನೇರ ಒಳಗೆ ನುಗ್ಗಿತು, ನಮ್ಮದು ಕಿತ್ತೇಬಿಟ್ಟಿತು. ಈಜುತ್ತಿದ್ದ ಗೆಳೆಯ "ಲೇ, ದೋಣಿ ಎಲ್ಲಿಗೆ ತಗೊಂಡು ಹೋಗ್ತಿದ್ದೀಯ?" ಅಂತ ಕೂಗಿದ ಮೇಲೆಯೇ ನಾನು ತಲೆ ಎತ್ತಿದ್ದು. ಬಂಡೆಗೆ ಎರಡು ದೋಣಿಯುದ್ದ ಉಳಿದಿತ್ತು. ಇಂಜಿನ್ ಹೇಗೆ ಶುರು ಮಾಡಿದೆನೋ ನೆನಪಿಲ್ಲ.

ದಡದಿಂದ ಇನ್ನಷ್ಟು ಆಚೆ ಹೋದೆವು. ಸರಪಳಿ ಉದ್ದವಾದಷ್ಟೂ ದೋಣಿ ಸುತ್ತಲು ಜಾಗ ಜಾಸ್ತಿ ಬೇಕು. ಪೂರ್ತಿ 50 ಮೀಟರ್ ಬಿಟ್ಟು, ರಿವರ್ಸ್ ಹಾಕಿ ಎಳೆದು ನೋಡಿದೆವು. ದಡದ ಒಂದು ಮರ, ಅದರ ಹಿಂದಿನ ಗುಡ್ಡದ ತುದಿ, ಎರಡೂ ಒಂದೇ ಗೆರೆಯಲ್ಲಿ ಅಲುಗಾಡದೆ ನಿಂತವು, ಅಂದರೆ ಲಂಗರು ಜಾರುತ್ತಿಲ್ಲ. ಈ ರಿವರ್ಸ್ ಕೆಲಸವನ್ನು ಬೆಳಿಗ್ಗೆ ಮಾಡಿರಲೇ ಇಲ್ಲ, ಸೋಮಾರಿತನ.

ಹಾಗಾಗಿ ಏನು ಒಯ್ಯಬೇಕು ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಏನೂ ಒಯ್ಯಬೇಡಿ. ಮೊದಲ ಅರ್ಧ ಗಂಟೆ ಲಂಗರಿಗೆ ಕೊಡಿ, ಆಮೇಲೆ ಸುಮ್ನೆ ಬಿದ್ದುಕೊಳ್ಳಿ. ದೋಣಿ ತಾನೇ ನಿಧಾನಕ್ಕೆ ತಿರುಗುತ್ತದೆ. ಒಮ್ಮೆ ಗುಡ್ಡ, ಒಮ್ಮೆ ಕಡಲು, ನೆರಳೂ ಜೊತೆಗೇ ಜಾಗ ಬದಲಿಸುತ್ತದೆ. ಆ ಸಂಜೆ ನಾವಿಬ್ಬರೂ ಎರಡು ಗಂಟೆ ಮಾತೇ ಆಡಲಿಲ್ಲ. ಕತ್ತಲಾದಾಗ ಲಂಗರಿನ ಬಿಳಿ ದೀಪ ಹಚ್ಚಲು ಎದ್ದಿದ್ದಷ್ಟೇ.

ದೋಣಿ ಜಾಗ ಬಿಟ್ಟು ಸರಿದರೆ ಕೂಗುವ ಲಂಗರು ಅಲಾರಂ ಫೋನಿನಲ್ಲಿ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆ ಮರವನ್ನೂ ಆಗಾಗ ನೋಡುತ್ತಿರಿ.